ನಲವತ್ತಮೂರು ವೈರಸ್‌ಗಳೂ ಶಾರದಮ್ಮನವರ ತೋಟದ ದಿನಚರಿಯೂ

ಬರವಣಿಗೆ ನನ್ನ ಕಸುಬಲ್ಲ. ಇಪ್ಪತ್ತೇಳು ವರ್ಷಗಳ ಕಾಲ ನಾನು ಬರೆದದ್ದೆಂದರೆ ಸರ್ವಿಸ್ ಚೀಟಿಗಳು ಮಾತ್ರ. ‘ಯಂತ್ರ ಆನ್ ಆಗುತ್ತಿಲ್ಲ’, ‘ಇಲಿ ವೈರ್ ಕಡಿದಿದೆ’, ‘ಆಂಟಿವೈರಸ್ ಬದಲಿಸಲಾಗಿದೆ’ ಎಂಬಂಥ ಒಂದೊಂದು ಸಾಲು. ಆದ್ದರಿಂದ ಈ ಬರಹದಲ್ಲಿ ವಾಕ್ಯ ಎಲ್ಲಾದರೂ ಕುಂಟಿದರೆ, ಹೇಳಬೇಕಾದುದು ಹಿಂದುಮುಂದಾದರೆ, ಓದುವವರು ಸಹಿಸಿಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ತಂದೆ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು, ತಾಯಿ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದರು. ತಪ್ಪು ಮಾತನಾಡಿದರೆ ‘ಓದಿದ್ದೂ ದಂಡ’ ಎಂದಾರೆಂಬ ಭಯ ಕಾಲೇಜು ಮುಗಿದ ದಿನದಿಂದ ನನ್ನ ಜೊತೆಗಿದೆ. ನಿವೃತ್ತಿಯಾದ ಮೇಲೂ ಅದು ನಿವೃತ್ತವಾಗಿಲ್ಲ. ಆ ಭಯವೇ ನನ್ನಿಂದ ಒಂದು ದೊಡ್ಡ ತಪ್ಪನ್ನು ಮಾಡಿಸಿತು. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಯುವಕ ಯುವತಿಯರಿಗೆ ಉಪಯೋಗವಾಗಬಹುದೆಂದು ಅದನ್ನು ಬರೆದಿಡುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಮೂಡಿಗೆರೆಯಲ್ಲಿ, ಹಮೀದ್ ಸಾಹೇಬರ ಕಂಪ್ಯೂಟರ್ ಅಂಗಡಿಯಲ್ಲಿ. ಸಾಹೇಬರು ಮೊದಲು ಟೇಪ್ ರೆಕಾರ್ಡರ್, ಮಿಕ್ಸಿ ರಿಪೇರಿ ಮಾಡುತ್ತಿದ್ದವರು. ಕಂಪ್ಯೂಟರನ್ನೂ ಅವರು ಮಿಕ್ಸಿಯಂತೆಯೇ ನೋಡುತ್ತಿದ್ದರು. ಮೊದಲು ಕಿವಿಗೊಟ್ಟು ಸದ್ದು ಕೇಳುವುದು, ಆಮೇಲೆ ಮೂಸುವುದು, ಕೊನೆಗೆ ಸ್ಕ್ರೂ ಬಿಚ್ಚುವುದು. ನಾನು ಪುಸ್ತಕದ ಭಾಷೆಯಲ್ಲಿ ಮಾತನಾಡುತ್ತೇನೆಂದು ನನ್ನನ್ನು ‘ಟೀಚರ್’ ಎಂದೇ ಕರೆಯುತ್ತಿದ್ದರು. ಗಿರಾಕಿಗೆ ನಾನು ‘ತಮ್ಮ ಯಂತ್ರದ ಸ್ಮರಣಶಕ್ತಿ ಕಡಿಮೆಯಾಗಿದೆ’ ಎಂದು ವಿವರಿಸಿದರೆ, ಒಳಗಿನಿಂದ ಸಾಹೇಬರು, “ಟೀಚರೇ, ಅವ್ರಿಗೆ ರ್‍ಯಾಮ್ ಸಾಲ್ದು ಅಂತ ಹೇಳಿ ಮಾರಾಯ್ರೆ, ಅವ್ರಿಗೇ ಮರೆವು ಬಂದಿದೆ ಅಂದ್ಕೊಂಡಾರು!” ಎಂದು ಕೂಗುತ್ತಿದ್ದರು.

ಆಂಟಿವೈರಸ್ ನಮ್ಮ ಅಂಗಡಿಯ ನಿತ್ಯದ ಬೆಳೆ. ನಾನು ಸೇರಿದಾಗ ಅದು ಫ್ಲಾಪಿಯಲ್ಲಿ ಬರುತ್ತಿತ್ತು, ಅನಂತರ ಸಿ.ಡಿ.ಯಲ್ಲಿ. ಆಮೇಲೆ ಡಬ್ಬಿಯೊಳಗೆ ನಾಣ್ಯದಿಂದ ಕೆರೆದು ನೋಡುವ ಸಂಖ್ಯೆಯ ಚೀಟಿ ಬಂತು. ಕೊನೆಕೊನೆಗೆ ಡಬ್ಬಿಯೂ ಹೋಗಿ, ಎಲ್ಲವೂ ಇಂಟರ್ನೆಟ್ಟಿನಿಂದಲೇ ಇಳಿಯತೊಡಗಿತು. ವರ್ಷಕ್ಕೊಮ್ಮೆ ಅವಧಿ ಮುಗಿಯುವಾಗ ಮನೆಮನೆಗೆ ಹೋಗಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ ಬರುವುದು ನನ್ನ ಪಾಲಿನ ಕೆಲಸವಾಗಿತ್ತು.

‘ತೆಗೆದು’ ಎಂಬ ಮಾತಿಗೆ ಒತ್ತು ಕೊಟ್ಟು ಹೇಳುತ್ತಿದ್ದೇನೆ. ವಸ್ತಾರೆಯ ಬಳಿ ಒಬ್ಬ ಹಿರಿಯ ಪ್ಲಾಂಟರು ಹಳೆಯದನ್ನು ತೆಗೆಯದೆ ಅದರ ಮೇಲೆ ಇನ್ನೊಂದನ್ನು, ಅದರ ಮೇಲೆ ಮತ್ತೊಂದನ್ನು ಹಾಕಿಕೊಂಡಿದ್ದರು. ಯಂತ್ರ ಚಾಲೂ ಮಾಡಿ, ಸ್ನಾನ ಮುಗಿಸಿ, ತಿಂಡಿ ತಿಂದು ಬಂದರೂ ಪರದೆ ನೀಲಿಯಾಗಿಯೇ ಇರುತ್ತಿತ್ತು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರೆ, “ಒಬ್ಬ ವಾಚ್‌ಮನ್ ಮಲಗಿದ್ರೆ ಇನ್ನೊಬ್ಬ ಎದ್ದಿರ್ಲಿ ಅಂತ” ಎಂದರು. ಮೂವರು ಕಾವಲುಗಾರರೂ ಎದ್ದೇ ಇದ್ದರು. ಆದರೆ ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿದುಕೊಂಡು ಕುಳಿತಿದ್ದರು. ಹಳೆಯದನ್ನು ಪೂರ್ತಿಯಾಗಿ ಕಿತ್ತು, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿ, ಆಮೇಲಷ್ಟೇ ಹೊಸದನ್ನು ಹಾಕಬೇಕು. ಈ ಪಾಠವನ್ನು ನಾನು ಚೆನ್ನಾಗಿ ಕಲಿತೆ. ಕಲಿಯದೆ ಉಳಿದದ್ದು ಮುಂದಿನ ಪಾಠ.

ನಮ್ಮ ಕಡೆ ಒಂದು ರೂಢಿಯಿತ್ತು. ಮಳೆಗಾಲದಲ್ಲಿ ತೋಟ ಸುತ್ತಿ ಕಾಲಿಗೆ ಜಿಗಣೆ ಹತ್ತಿಸಿಕೊಂಡು ಬಂದವರನ್ನು, “ಎಷ್ಟು ಇಂಬಳ ಕಿತ್ರಿ?” ಎಂದು ಕೇಳುತ್ತಾರಲ್ಲವೆ? ಹಾಗೆಯೇ ಆಂಟಿವೈರಸ್ ಹಾಕಿದ ಮೇಲೆ ಮನೆಯವರೆಲ್ಲ, “ಎಷ್ಟು ಸಿಕ್ತು?” ಎಂದು ಕೇಳುತ್ತಿದ್ದರು. ಎರಡೋ ಮೂರೋ ಎಂದರೆ ಮುಖ ಸಣ್ಣದಾಗುತ್ತಿತ್ತು. ಮೂವತ್ತು ಎಂದರೆ, “ಅಬ್ಬಾ, ಒಳ್ಳೆ ಕೆಲಸ ಮಾಡಿದ್ರಿ!” ಎಂದು ಇನ್ನೊಂದು ಲೋಟ ಕಾಫಿ ಬರುತ್ತಿತ್ತು. ಹಾಗಾಗಿ ನಾವು ಎಷ್ಟು ಸಿಕ್ಕಿತೆಂಬ ಸಂಖ್ಯೆಯನ್ನು ದಪ್ಪಗೆ ಬರೆದು ಯಂತ್ರದ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದೆವು. ಸಿಕ್ಕಿದ್ದನ್ನೆಲ್ಲ ಒಂದೇ ಏಟಿಗೆ ಗುರುತು ಹಾಕಿ ಶಾಶ್ವತವಾಗಿ ಅಳಿಸಿಬಿಡುತ್ತಿದ್ದೆವು. ಏನು ಸಿಕ್ಕಿತೆಂದು ಯಾರೂ ಕೇಳುತ್ತಿರಲಿಲ್ಲ. ನಾವೂ ನೋಡುತ್ತಿರಲಿಲ್ಲ.

ನಿವೃತ್ತಿಗೆ ಕೆಲವೇ ವರ್ಷಗಳಿದ್ದಾಗ ಒಂದು ಶನಿವಾರ ಬೆಳಗ್ಗೆ ಕಳಸದ ದಾರಿಯ ಒಂದು ಹಳ್ಳಿಯಿಂದ ಶಾರದಮ್ಮನವರು ಫೋನ್ ಮಾಡಿದರು. ಅವರದೂ ಅವರ ಯಜಮಾನರಾದ ರಾಜೇಗೌಡರದೂ ಐದೆಕರೆ ಕಾಫಿ ತೋಟ. ರಾಸಾಯನಿಕ ಬಿಟ್ಟು ಸಾವಯವ ಕೃಷಿಗೆ ಇಳಿದು ಮೂರು ವರ್ಷವಾಗಿತ್ತು. ಅದಕ್ಕೆ ಪ್ರಮಾಣಪತ್ರ ಸಿಗಬೇಕಾದರೆ, ಮೂರು ವರ್ಷವೂ ತೋಟದಲ್ಲಿ ದಿನದಿನ ಏನು ಮಾಡಿದೆವೆಂಬ ದಿನಚರಿಯನ್ನು ತೋರಿಸಬೇಕಿತ್ತು. ತಪಾಸಣೆ ಮಾಡುವವರು ಸೋಮವಾರ ಬೆಳಗ್ಗೆ ಬರುವವರಿದ್ದರು. ಅದಕ್ಕೆ ಮೊದಲು ದಿನಚರಿಯನ್ನು ಇ-ಮೇಲಿನಲ್ಲಿ ಕಳುಹಿಸಿರಬೇಕು, ಇಲ್ಲದಿದ್ದರೆ ಮೂರು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರು.

“ಕಂಪ್ಯೂಟರಲ್ಲಿ ಐದು ನಿಮಿಷಕ್ಕೊಂದು ಸಲ ಕೆಂಪು ಡಬ್ಬಿ ಎದ್ದು ಬರ್ತದೆ ಲಲಿತಮ್ಮ. ಆಂಟಿವೈರಸ್ಸಿನ ಅವಧಿ ಮುಗೀತಂತೆ” ಎಂದರು ಶಾರದಮ್ಮನವರು. “ನಮ್ಮನೆಯಿಂದ ಆ ತಪಾಸಣೆ ಸಾಹೇಬ್ರ ಕಂಪ್ಯೂಟರಿಗೆ ಕಾಯಿಲೆ ಹೋಗ್ಬಾರ್ದಲ್ವಾ? ಬಂದು ಹೊಸದು ಹಾಕ್ಕೊಡಿ. ಆಮೇಲೇ ಕಳಿಸ್ತೀನಿ.”

ಮನೆಗೆ ನೆಂಟರು ಬರುವ ಮೊದಲು ಅಂಗಳ ಸಾರಿಸುವವರ ಮಾತಿನಂತೆ ಅದು ನನಗೆ ಕೇಳಿಸಿತು. ಸಿಕ್ಕಿದ ಮೊದಲ ಬಸ್ಸಿಗೇ ಹೊರಟೆ.

ಕಂಪ್ಯೂಟರ್ ಊಟದ ಕೋಣೆಯ ಮೂಲೆಯಲ್ಲಿತ್ತು, ಮೇಲೆ ಕ್ರೋಶಾ ಹೆಣೆದ ಹೊದಿಕೆ. ನಾನು ಹಳೆಯದನ್ನು ಕಿತ್ತೆ, ಯಂತ್ರವನ್ನು ಆರಿಸಿ ಹೊತ್ತಿಸಿದೆ, ಬೇರೆ ಕಂಪನಿಯ ಹೊಸದನ್ನು ಕೂರಿಸಿದೆ. ಆ ಊರಿನ ಇಂಟರ್ನೆಟ್ಟಿನಲ್ಲಿ ಅದು ಇಳಿದು ಮುಗಿಯುವಷ್ಟರಲ್ಲಿ ನಾಲ್ಕು ಅಕ್ಕಿರೊಟ್ಟಿ, ಎರಡು ಲೋಟ ಕಾಫಿ ಮುಗಿದವು. ಅನಂತರ ಪೂರ್ತಿ ತಪಾಸಣೆಗೆ ಬಿಟ್ಟೆ. ರಾಜೇಗೌಡರು ಕುರ್ಚಿ ಎಳೆದುಕೊಂಡು ಕ್ರಿಕೆಟ್ ನೋಡುವವರ ಹಾಗೆ ಪಕ್ಕದಲ್ಲಿ ಕುಳಿತರು.

“ಎಷ್ಟಾಯ್ತು?”

“ಹತ್ತೊಂಬತ್ತು.”

“ಇವಳು ಯಾವಾಗ್ಲೂ ಕೀಬೋರ್ಡು ಕುಟ್ತಾ ಕೂತ್ರೆ ಬರ್ದೆ ಇರ್ತದಾ?” ಎಂದು ಅಡುಗೆಮನೆಯ ಕಡೆ ನೋಡಿ ದನಿಯೇರಿಸಿದರು. “ಗೊಬ್ಬರ ಹಾಕೋದು ನಾನು, ಹೆಸರು ಬರ್ಕೊಳ್ಳೋದು ಇವಳು!”

ಒಳಗಿನಿಂದ ಉತ್ತರ ಬಂತು: “ನಾನು ಬರೀದಿದ್ರೆ ನೀವು ಹಾಕಿದ್ದಕ್ಕೆ ಸಾಕ್ಷಿ ಯಾರು? ಎಮ್ಮೆಯಾ?”

ತಪಾಸಣೆ ನಲವತ್ತಮೂರಕ್ಕೆ ನಿಂತಿತು. ಗೌಡರು, “ನಲವತ್ಮೂರಾ! ಮೂಡಿಗೆರೆಯಲ್ಲೇ ರೆಕಾರ್ಡು ಅಲ್ವಾ ಲಲಿತಮ್ಮ?” ಎಂದರು. ನನಗೂ ಹೆಮ್ಮೆಯಾಯಿತು. ಪಟ್ಟಿ ಪರದೆಯ ಮೇಲಿತ್ತು. ನಾನು ಎಂದಿನಂತೆ ಎಲ್ಲಕ್ಕೂ ಗುರುತು ಹಾಕಿ, ಅಳಿಸದೆ ಬೇರೆಯಾಗಿ ಕೂಡಿಡುವ ಕ್ವಾರಂಟೈನಿನಲ್ಲಿ ಇಡಲೋ ಎಂದು ಯಂತ್ರ ಕೇಳಿದ್ದಕ್ಕೆ ಬೇಡವೆಂದು, ಶಾಶ್ವತವಾಗಿ ಅಳಿಸುವ ಗುಂಡಿ ಒತ್ತಿದೆ. ಚೀಟಿಯಲ್ಲಿ ೪೩ ಎಂದು ದಪ್ಪಗೆ ಬರೆದು ಅಂಟಿಸಿದೆ.

ಶಾರದಮ್ಮನವರು ಕೈ ಒರೆಸಿಕೊಂಡು ಬಂದು ಕುಳಿತು ದಿನಚರಿಯ ಕಡತ ತೆರೆದರು. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಆವರಣ ಚಿಹ್ನೆ, ಡಾಲರಿನ ಗುರುತು. ಮುಂದಿನ ಪುಟವೂ ಹಾಗೆಯೇ. ಕೊನೆಯ ಪುಟಕ್ಕೆ ಹೋದರು, ಅದೂ ಹಾಗೆಯೇ.

“ಇದೆಂಥದ್ದು?” ಎಂದರು ನಿಧಾನವಾಗಿ. “ಇದು ನಾನು ಬರೆದಿದ್ದಲ್ಲ.”

ಕೈಬರಹದ ಪ್ರತಿ ಇದೆಯೇ ಎಂದು ಕೇಳಿದೆ. ಮೊದಲು ಸಣ್ಣ ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ಟೈಪು ಮಾಡುತ್ತಿದ್ದರಂತೆ. “ಟೈಪಾದ ಮೇಲೆ ಇನ್ಯಾಕೆ ಅಂತ ಪುಸ್ತಕ ಎಲ್ಲ ಬಚ್ಚಲೊಲೆಗೆ ಹಾಕ್ದೆ” ಎಂದರು. ಮೂರು ವರ್ಷದ ದುಡಿಮೆಗೆ ಇದ್ದ ಸಾಕ್ಷಿ ಆ ಒಂದೇ ಕಡತ.

ಆ ಕ್ಷಣದಲ್ಲಿ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲು ಇಂದಿಗೂ ಸಂಕೋಚವಾಗುತ್ತದೆ. “ವೈರಸ್ ಇದನ್ನು ಹಾಳುಮಾಡಿದೆ” ಎಂದೆ. ಹಾಗೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ, ಅಷ್ಟೆ. ಶಾರದಮ್ಮನವರು ನನ್ನನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ನನ್ನ ಮುಖ ನೋಡಿ, “ನೀವೇನು ಮಾಡ್ತೀರಿ ಪಾಪ, ನಾನೇ ತಡವಾಗಿ ಕರೆದೆ” ಎಂದು ಸಮಾಧಾನ ಹೇಳಿದರು. ಗೌಡರು ತಮಾಷೆ ನಿಲ್ಲಿಸಿ ಎದ್ದು ಹೋಗಿ ಜಗಲಿಯಲ್ಲಿ ನಿಂತರು.

ನಾನು ಹಿತ್ತಿಲಿಗೆ ಹೋಗಿ ಹಮೀದ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, ಬೈಯಲಿಲ್ಲ.

“ಫೈಲು ಇದೆಯಲ್ಲ? ಪುಟ ಎಲ್ಲ ಇದೆಯಲ್ಲ?”

“ಇದೆ ಸಾಹೇಬ್ರೇ, ಆದರೆ ಕನ್ನಡವಿಲ್ಲ.”

“ಹಾಗಾದ್ರೆ ಏನೂ ಹಾಳಾಗಿಲ್ಲ, ಎಂತದೋ ಕಾಣೆಯಾಗಿದೆ. ನೀವು ಅಳಿಸಿದ್ರಲ್ಲ, ಅದ್ರ ಪಟ್ಟಿ ಇನ್ನೂ ಒಳಗೆ ಇರ್ತದೆ. ಒಂದೊಂದೇ ಹೆಸರು ಓದಿ ಟೀಚರೇ. ಹಾಜರಿ ಕರೀರಿ.”

ಒಳಗೆ ಬಂದು ಪಟ್ಟಿ ತೆರೆದು ಓದತೊಡಗಿದೆ. ಇಪ್ಪತ್ತೇಳನೆಯ ಸಾಲಿನಲ್ಲಿ ಶಾರದಮ್ಮನವರ ಕನ್ನಡ ಟೈಪಿಂಗ್ ತಂತ್ರಾಂಶದ ಹೆಸರಿತ್ತು. ಅದು ಹಳೆಯ ಕಾಲದ್ದು. ಒತ್ತಿದ ಪ್ರತಿಯೊಂದು ಕೀಲಿಯನ್ನೂ ಹಿಡಿದು ಕನ್ನಡಕ್ಕೆ ತಿರುಗಿಸುವುದು ಅದರ ಕೆಲಸ. ಕೀಲಿಗಳನ್ನು ಕದ್ದು ಓದುವ ಕಳ್ಳ ತಂತ್ರಾಂಶಗಳೂ ಹಾಗೆಯೇ ಮಾಡುವುದರಿಂದ ಹೊಸ ಆಂಟಿವೈರಸ್ ಇದನ್ನೂ ಕಳ್ಳನೆಂದೇ ತಿಳಿದಿತ್ತು. ಕನ್ನಡದ ಅಕ್ಷರರೂಪಗಳು ಆ ತಂತ್ರಾಂಶದ ಒಳಗೇ ಇದ್ದವು. ಅದು ಹೋದೊಡನೆ ಬರೆದದ್ದೆಲ್ಲ ಇಂಗ್ಲಿಷಿನ ಚೂರುಗಳಾಗಿ ಕಾಣುತ್ತಿತ್ತು. ಅಂದರೆ ವೈರಸ್ ಏನನ್ನೂ ಮಾಡಿರಲಿಲ್ಲ. ಮಾಡಿದವಳು ನಾನು.

ಇಲ್ಲಿಯೂ ಒಂದು ದಾರಿಯಿತ್ತು. ಸುಮ್ಮನಿದ್ದು, ಹೇಗಾದರೂ ಸರಿಪಡಿಸಿ, ‘ವೈರಸ್ ತಿಂದದ್ದನ್ನು ಬಿಡಿಸಿಕೊಂಡೆ’ ಎಂದು ಹೆಸರು ಗಳಿಸಬಹುದಿತ್ತು. ಆದರೆ ಆ ತಂತ್ರಾಂಶ ಎಲ್ಲಿಂದ ಬಂತೆಂದು ಅವರನ್ನೇ ಕೇಳಬೇಕಿತ್ತು, ಕೇಳಿದರೆ ಯಾಕೆಂದು ಹೇಳಬೇಕಿತ್ತು. ಅಲ್ಲದೆ ಅವರು ‘ಪಾಪ’ ಎಂದದ್ದು ನನ್ನ ಎದೆಯಲ್ಲಿ ಚುಚ್ಚುತ್ತಿತ್ತು.

“ಅಮ್ಮಾ, ವೈರಸ್ ಅಲ್ಲ. ನಾನು ಪಟ್ಟಿ ನೋಡದೆ ನಿಮ್ಮ ಟೈಪಿಂಗ್ ತಂತ್ರಾಂಶವನ್ನು ಅಳಿಸಿಬಿಟ್ಟೆ. ಆಗಲೇ ಸುಳ್ಳು ಹೇಳಿದೆ” ಎಂದೆ.

ಅವರು ಪರದೆಯಿಂದ ನನ್ನ ಕಡೆ ತಿರುಗಿದರು.

“ಯಾಕೆ ಹಾಗೆ ಹೇಳಿದ್ರಿ?”

“ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ನೀವು ಕೇಳಿದರೆ ಎಂದು ಹೆದರಿದೆ.”

“ಅಷ್ಟೆಲ್ಲ ಓದಿದವ್ರು” ಎಂದರು ಶಾರದಮ್ಮನವರು, “ಆ ಪಟ್ಟಿ ಒಂದು ಓದ್ಲಿಕ್ಕಾಗ್ಲಿಲ್ವಾ?”

ಜಗಲಿಯಿಂದ ಗೌಡರು ನಕ್ಕ ಸದ್ದು ಕೇಳಿಸಿತು. ನಗು ಕೇಳಿದ ಮೇಲೆ ಶಾರದಮ್ಮನವರಿಗೂ ಸಿಟ್ಟನ್ನು ಹಿಡಿದಿಟ್ಟುಕೊಳ್ಳಲಾಗಲಿಲ್ಲ. “ನಗ್ಬೇಡಿ ನೀವು. ಜೀಪು ತೆಗೀರಿ. ಅದನ್ನ ಹಾಕ್ಕೊಟ್ಟಿದ್ದು ಕೊಟ್ಟಿಗೆಹಾರದ ಇಬ್ರಾಹಿಮಣ್ಣ. ಅವರ ಹತ್ರ ಇದ್ರೂ ಇರ್ಬಹುದು” ಎಂದರು.

ಇಬ್ರಾಹಿಮರದು ಕೊಟ್ಟಿಗೆಹಾರದಲ್ಲಿ ಮದುವೆ ಕಾಗದ ಅಚ್ಚು ಹಾಕುವ ಸಣ್ಣ ಅಂಗಡಿ. ನಾವು ಮೂವರೂ ಹೋದಾಗ ಅವರು ಹೊಸ ಲ್ಯಾಪ್‌ಟಾಪಿನಲ್ಲಿ ಯಾರದೋ ಗೃಹಪ್ರವೇಶದ ಕಾಗದ ತಿದ್ದುತ್ತಿದ್ದರು. ನಾವು ಬಂದ ಕಾರಣ ಕೇಳಿ ಹಣೆ ಚಚ್ಚಿಕೊಂಡರು.

“ಅಯ್ಯೋ ಅಕ್ಕಾ, ಅದ್ರ ಸಿ.ಡಿ. ಹೋಗಿ ಎಷ್ಟು ಕಾಲವಾಯ್ತು! ಮಾಡಿದ ಪುಣ್ಯಾತ್ಮ ಎಲ್ಲಿದ್ದಾನೋ ಗೊತ್ತಿಲ್ಲ. ಇದ್ರೆ ಈ ಮುದುಕನಲ್ಲಿ ಇರ್ಬೇಕು” ಎಂದು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ತೋರಿಸಿದರು. ಅದರ ಮೇಲೆ ಲಕೋಟೆಗಳ ಕಟ್ಟುಗಳನ್ನು ಒಟ್ಟಿದ್ದರು. ಮದುವೆ ಕಾಗದಗಳ ಗುಡ್ಡವನ್ನು ಇಳಿಸಿ, ಧೂಳು ಊದಿ, ವೈರು ಸಿಕ್ಕಿಸಿದೆವು. ಯಂತ್ರ ಸುಮ್ಮನೆ ಕುಳಿತಿತ್ತು. ನಾನು ಹಮೀದ್ ಸಾಹೇಬರು ಕಲಿಸಿದಂತೆ ಕಿವಿಗೊಟ್ಟು ಕೇಳಿದೆ; ಒಳಗೆ ಫ್ಯಾನು ತಿರುಗಲು ಒದ್ದಾಡುತ್ತಿತ್ತು. ಮುಚ್ಚಳ ಬಿಚ್ಚಿ, ಬೆರಳಿನಿಂದ ಒಮ್ಮೆ ತಿರುಗಿಸಿ ಬಿಟ್ಟೆ. ಕೆಮ್ಮಿಕೊಂಡು ಎದ್ದಿತು.

“ಇದನ್ನು ವೈರಸ್ ತಪಾಸಣೆ ಮಾಡಿ ಎಷ್ಟು ವರ್ಷವಾಯಿತು?” ಎಂದು ಕೇಳಿದೆ.

“ಯಾವತ್ತೂ ಮಾಡಿಲ್ಲ” ಎಂದರು ಇಬ್ರಾಹಿಮರು. “ಮಾಡಿದ್ರಲ್ವಾ ಉಂಟು ಅಂತ ಗೊತ್ತಾಗೋದು?”

ತಂತ್ರಾಂಶ ಅದರಲ್ಲಿತ್ತು. ಪೆನ್‌ಡ್ರೈವಿಗೆ ಇಳಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಶಾರದಮ್ಮನವರು ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಹಿಡಿದುಕೊಂಡಿದ್ದರು.

ಮನೆಗೆ ಬಂದು ಪೆನ್‌ಡ್ರೈವ್ ಸಿಕ್ಕಿಸಿದ್ದೇ ತಡ, ಹೊಸ ಆಂಟಿವೈರಸ್ ಎದ್ದು ಅದರಲ್ಲಿದ್ದದ್ದನ್ನೆಲ್ಲ ಗಬಕ್ಕನೆ ಹಿಡಿದುಕೊಂಡಿತು. ಗೌಡರು, “ಒಳ್ಳೆ ನಾಯಿ ತಂದ್ರಿ ಮಾರಾಯ್ತಿ, ಮನೆಯವರನ್ನೇ ಕಚ್ತದೆ!” ಎಂದರು. ಈ ಸಲ ನಾನು ಗುಂಡಿ ಒತ್ತಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಅದರಲ್ಲಿ ಎರಡು ಹೆಸರುಗಳಿದ್ದವು. ಒಂದು ನಿಜವಾದ ವೈರಸ್, ಇಬ್ರಾಹಿಮರ ಮುದುಕನಿಂದ ಬಂದ ಬಳುವಳಿ. ಇನ್ನೊಂದು ನಮ್ಮ ತಂತ್ರಾಂಶ. ಮೊದಲನೆಯದನ್ನು ಅಳಿಸಿದೆ. ಎರಡನೆಯದನ್ನು ಕ್ವಾರಂಟೈನಿನಿಂದ ಬಿಡಿಸಿ, ‘ಇದನ್ನು ಮುಟ್ಟಬೇಡ’ ಎಂದು ಆಂಟಿವೈರಸ್ಸಿನ ವಿನಾಯಿತಿ ಪಟ್ಟಿಯಲ್ಲಿ ಸೇರಿಸಿದೆ. ಆಮೇಲೆ ಅದನ್ನು ಕೂರಿಸಿ, ದಿನಚರಿ ತೆರೆದೆ.

ಕನ್ನಡ ಬಂತು.

ಶಾರದಮ್ಮನವರು ಪರದೆಗೆ ಮುಖ ಹತ್ತಿರ ತಂದು, ಕಣ್ಣಿಗೆ ಬಿದ್ದಲ್ಲಿಂದ ಓದಿದರು: “ಮಳೆ ಒಂದೂಕಾಲು ಇಂಚು. ಗೊಬ್ಬರದ ಗುಂಡಿ ಮಗುಚಿದ್ದು ಮುಕ್ಕಾಲು ಭಾಗ. ಯಜಮಾನರು ಸೊಂಟ ನೋವೆಂದು ಮಧ್ಯಾಹ್ನವೇ ಮಲಗಿದ್ದರಿಂದ ಉಳಿದದ್ದು ನಾಳೆಗೆ.”

“ಅದನ್ನೂ ಬರೆದಿದ್ದೀಯೇನೇ?” ಎಂದು ಗೌಡರು ಗಾಬರಿಯಾದರು. “ತಪಾಸಣೆಗೆ ಬರೋ ಮನುಷ್ಯ ಓದ್ತಾನಲ್ಲೇ!”

“ಓದ್ಲಿ. ಸುಳ್ಳು ಬರೀಬಾರ್ದು ಅಂತ ರೂಲ್ಸಿದೆ.”

ಕಳುಹಿಸಲು ಹೊರಟಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ತಪಾಸಣೆಯವರ ಕಂಪ್ಯೂಟರಿನಲ್ಲಿ ಈ ತಂತ್ರಾಂಶ ಎಲ್ಲಿಂದ ಬರಬೇಕು? ಬೆಳಗ್ಗೆ ಎಲ್ಲವೂ ಸರಿಯಾಗಿ ನಡೆದು ಶಾರದಮ್ಮನವರು ಕಡತವನ್ನು ಹಾಗೆಯೇ ಕಳುಹಿಸಿಬಿಟ್ಟಿದ್ದರೂ, ಆಚೆ ತುದಿಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಅದೇ ಡಾಲರು, ಅದೇ ಆವರಣ ಚಿಹ್ನೆ. ನನ್ನ ತಪ್ಪು ಆಗದಿದ್ದರೆ ಅದು ಸೋಮವಾರದವರೆಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಹೇಳಿದೆ, ಆದರೆ ನನ್ನ ಸಮರ್ಥನೆಗೆಂದು ಹೇಳಲಿಲ್ಲ. ಅಕ್ಷರಗಳು ಚಿತ್ರದಂತೆ ಅಚ್ಚಾಗಿ ಉಳಿಯುವ ಪಿ.ಡಿ.ಎಫ್. ರೂಪಕ್ಕೆ ಇಡೀ ದಿನಚರಿಯನ್ನು ತಿರುಗಿಸಿದೆವು. ಅದನ್ನು ನನ್ನ ಮೊಬೈಲಿನಲ್ಲಿ ತೆರೆದು, ಆ ತಂತ್ರಾಂಶವಿಲ್ಲದೆಯೂ ಕನ್ನಡ ಕಾಣುತ್ತದೆಂದು ಖಚಿತ ಮಾಡಿಕೊಂಡು, ಸಂಜೆಯ ಬಸ್ಸಿಗೆ ಮೊದಲೇ ಕಳುಹಿಸಿದೆವು. ಹೊರಡುವಾಗ ಯಂತ್ರದ ಬೆನ್ನಿಗೆ ಅಂಟಿಸಿದ್ದ ೪೩ರ ಚೀಟಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಹಮೀದ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. “ತಪ್ಪು ನಿಮ್ಮೊಬ್ಬರದ್ದಲ್ಲ, ಚೀಟಿ ಅಂಟಿಸೋಕೆ ಕಲಿಸಿದ್ದು ನಾನೇ” ಎಂದರು. ಅಂದಿನಿಂದ ಅಂಗಡಿಯಲ್ಲಿ ಸಂಖ್ಯೆಯ ಚೀಟಿ ನಿಂತಿತು. ಪಟ್ಟಿಯನ್ನು ಮನೆಯವರ ಎದುರಿಗೆ ಒಂದೊಂದಾಗಿ ಓದಿ, ಅವರು ಗುರುತಿಸದ್ದನ್ನು ಮಾತ್ರ ಕ್ವಾರಂಟೈನಿನಲ್ಲಿಟ್ಟು, ಒಂದು ವಾರ ಕಳೆದ ಮೇಲೆ ಅಳಿಸುವ ಪದ್ಧತಿ ಬಂತು. ಗಿರಾಕಿಗಳು ಮೊದಮೊದಲು ಬೇಸರಪಟ್ಟರು. ಹೊರನಾಡಿನ ವಸತಿಗೃಹದ ಭಟ್ಟರೊಬ್ಬರು, “ಎಷ್ಟು ಅಂತ ಹೇಳೋದು ಬಿಟ್ಟು ಸಹಸ್ರನಾಮ ಓದ್ತೀರಲ್ಲ ತಾಯಿ!” ಎಂದರು. ಓದಿದೆ. ಅವರ ಕೊಠಡಿ ಕಾಯ್ದಿರಿಸುವ ತಂತ್ರಾಂಶವೂ ಆ ಪಟ್ಟಿಯಲ್ಲಿತ್ತು. ಮರು ವರ್ಷ ಅವರೇ ಕನ್ನಡಕ ಹಾಕಿಕೊಂಡು ಕಾದು ಕುಳಿತಿದ್ದರು.

ಹೊಸಬರಿಗೆ ನಾನು ಹೇಳಬೇಕಾದದ್ದು ಇಷ್ಟೇ. ಹಳೆಯ ಆಂಟಿವೈರಸ್ಸನ್ನು ತೆಗೆಯುವ ಮೊದಲು, ಈ ಮನೆಯವರು ಈ ಯಂತ್ರದಲ್ಲಿ ದಿನವೂ ಏನು ಮಾಡುತ್ತಾರೆಂದು ಕೇಳಿರಿ. ಪುಸ್ತಕದಲ್ಲಿ ಇಲ್ಲದ ವಸ್ತುಗಳು ನಮ್ಮ ಊರಿನ ಕಂಪ್ಯೂಟರುಗಳಲ್ಲಿ ಇರುತ್ತವೆ. ದೂರದಲ್ಲಿ ಕುಳಿತು ಆಂಟಿವೈರಸ್ ಬರೆದವರಿಗೆ ಅವು ಪರಿಚಯವಿಲ್ಲ. ಪರಿಚಯವಿಲ್ಲದ್ದೆಲ್ಲ ಕಳ್ಳನಲ್ಲ. ಇನ್ನು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿರಿ. ಹೇಳಿದ ಮೇಲೆ ಎದುರಿಗಿದ್ದವರು ಒಂದು ಚುಚ್ಚುಮಾತು ಆಡುತ್ತಾರೆ, ಆಮೇಲೆ ಜೀಪು ತೆಗೆಯುತ್ತಾರೆ.

ಸೋಮವಾರ ತಪಾಸಣೆಗೆ ಬಂದವರು ದಿನಚರಿಯನ್ನು ಓದಿಕೊಂಡೇ ಬಂದಿದ್ದರು. ಬಂದವರೇ ಮೊದಲು ರಾಜೇಗೌಡರ ಸೊಂಟ ಹೇಗಿದೆಯೆಂದು ವಿಚಾರಿಸಿದರಂತೆ. ಆಮೇಲೆ ಗೊಬ್ಬರದ ಗುಂಡಿಯನ್ನೂ ತೋಟವನ್ನೂ ನೋಡಿ ಹೋದರು. ಮುಂದಿನ ಕೊಯ್ಲಿಗೆ ಮೊದಲೇ ಪ್ರಮಾಣಪತ್ರ ಬಂತು.

ಆದರೆ ಆ ಹಳೆಯ ತಂತ್ರಾಂಶದಲ್ಲಿ ಬರೆದದ್ದನ್ನೆಲ್ಲ ಎಲ್ಲ ಯಂತ್ರಗಳಲ್ಲೂ ಕಾಣುವ ಯೂನಿಕೋಡ್ ಕನ್ನಡಕ್ಕೆ ಬದಲಿಸಿಡುವ ಕೆಲಸ ಉಳಿದಿತ್ತು. ಬದಲಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಮುರಿಯುತ್ತಿದ್ದುದರಿಂದ ಯಾರಾದರೂ ಕುಳಿತು ಸಾಲುಸಾಲು ತಿದ್ದಬೇಕಿತ್ತು. ಎಂದೋ ಪಿ.ಯು.ಸಿ.ಯಲ್ಲಿ ಅನುತ್ತೀರ್ಣಳಾಗಿ ಅಂದಿನಿಂದ ಮನೆಯಲ್ಲಿಯೇ ಇದ್ದ ನನ್ನ ತಂಗಿ ಸುಮತಿಯನ್ನು ಶಾರದಮ್ಮನವರ ಮನೆಗೆ ಕರೆದುಕೊಂಡು ಹೋದೆ. ‘ನಿನ್ನ ಹಾಗೆ ಓದಿದವರ ಕೆಲಸ ನನ್ನಿಂದಾಗದು’ ಎಂದು ಬಸ್ಸಿನಲ್ಲಿ ಎರಡು ಬಾರಿ ಹೇಳಿದಳು. ಮೂರು ತಿಂಗಳು ಹೋಗಿ ಬಂದು ಮುಗಿಸಿದಳು. ಅವಳು ತಿದ್ದಿದ ದಿನಚರಿಯನ್ನು ನೋಡಿ ನೆರೆಯ ಬೆಳೆಗಾರರಿಬ್ಬರು ತಮ್ಮದನ್ನೂ ಬರೆದುಕೊಡಲು ಕೇಳಿದರು, ಆಮೇಲೆ ಇನ್ನೂ ಕೆಲವರು. ಈಗ ಸುಮತಿ ಕಳಸದಲ್ಲಿ ಒಂದು ಕೋಣೆ ಹಿಡಿದು ಸಣ್ಣ ಬೆಳೆಗಾರರ ದಿನಚರಿ, ಅರ್ಜಿಗಳನ್ನು ಸಿದ್ಧಪಡಿಸುತ್ತಾಳೆ. ನಮ್ಮ ಮನೆಯಲ್ಲಿ ಮೊದಲು ನನ್ನ ಸಂಬಳ ಮತ್ತು ತಾಯಿಯ ಕೂಲಿ ಮಾತ್ರ ಇದ್ದವು, ಈಗ ಅವಳ ದುಡಿಮೆಯಿದೆ. ಮುಪ್ಪಿನಲ್ಲೂ ದುಡಿಯುತ್ತಿದ್ದ ತಾಯಿ ಹಣ್ಣು ಕೊಯ್ಯಲು ಹೋಗುವುದನ್ನು ಬಿಟ್ಟಿದ್ದಾರೆ. ತಂಗಿಯ ಕಂಪ್ಯೂಟರಿನ ಆಂಟಿವೈರಸ್ಸನ್ನು ಅವಳೇ ಬದಲಿಸಿಕೊಳ್ಳುತ್ತಾಳೆ, ನನ್ನನ್ನು ಕರೆಯುವುದಿಲ್ಲ.